ಮಂಡಿಯಲ್ಲಿ ಸಿಕ್ಕ ಗುಂಡುಸೂಜಿ

ಟೈಲರಕ್ಕನ ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ಗಾಯ ಮಾಗಿತ್ತು, ಓಡಾಟವೂ ಸಲೀಸಾಗಿತ್ತು. ಆದರೆ ಹೊಲಿಗೆಯ ಗುರುತಿನ ಪಕ್ಕ ಅಂಗೈಯಗಲ ಜಾಗ ಮರಗಟ್ಟಿ ಕೂತಿತ್ತು. ಹೊಲಿಗೆ ಮೆಷಿನ್ ತುಳಿಯುವ ಕಾಲೇ ಹೀಗಾದರೆ ಅಂಗಡಿಯ ಗತಿಯೇನು ಎಂದು ಅವಳಿಗೆ ಭಯ.

ಅವಳ ಪೇಚಾಟ ನೋಡಲಾರದೆ ಗಂಡ ಬಿಸಿ ಕೊಡುವ ಮಸಾಜ್ ಮೆಷಿನ್ ತಂದ.

“ಫುಲ್ ಸ್ಪೀಡಲ್ಲಿಡು. ಕಾಲು ಜುಮ್ ಅಂತ ಎದ್ದೇಳುತ್ತೆ!”

ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನಲ್ಲ. ಅಕ್ಕ ಅದನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ, ಹೊಲಿಯಲು ಕೊಟ್ಟಿದ್ದ ಕೋಟು ಒಯ್ಯಲು ಪಕ್ಕದ ಮನೆಯ ಫಿಸಿಯೋಥೆರಪಿ ಮೇಡಂ ಬಂದಳು.

“ಅಯ್ಯೋ ಅಕ್ಕಾ, ಮಂಡೀಲಿ ಏನದು?”

ಗುಂಡುಸೂಜಿ! ಬೆಳಿಗ್ಗೆ ಮಂಡಿಯ ಮೇಲೆ ಬಟ್ಟೆ ಹರಡಿ ಅಂಚು ಮಡಿಸುವಾಗ ಸೀರೆಯ ಮೇಲಿಂದಲೇ ಚುಚ್ಚಿಕೊಂಡಿತ್ತು.

“ನೋವೇ ಆಗಿಲ್ಲ ನೋಡು! ಇನ್ಮೇಲೆ ಸೂಜಿ ಚುಚ್ಚಿಡೋಕೆ ಬೇರೆ ದಿಂಬೇ ಬೇಡ,” ಎಂದು ಅಕ್ಕ ನಕ್ಕಳು.

ಮೇಡಂ ಸೂಜಿ ತೆಗೆದು ಜಾಗ ತೊಳೆದಳು. “ನಗ್ತೀರಲ್ಲ! ಸೂಜಿ ಹೊಕ್ಕಿದ್ದೇ ಗೊತ್ತಾಗ್ಲಿಲ್ಲ, ಚರ್ಮ ಸುಟ್ರೆ ಗೊತ್ತಾಗುತ್ತಾ?”

“ಇಷ್ಟು ಚಿಕ್ಕ ಮೆಷಿನ್ ಏನಮ್ಮಾ ಸುಡುತ್ತೆ?” ಗಂಡ ಗೊಣಗಿದ.

“ಅಕ್ಕಾ, ಹೊಸ ಬಟ್ಟೆಗೆ ಇಸ್ತ್ರಿ ಇಡೋ ಮುಂಚೆ ಏನ್ಮಾಡ್ತೀರಿ?”

“ತುಂಡು ಬಟ್ಟೆ ಮೇಲೆ ಇಟ್ಟು ನೋಡ್ತೀನಿ. ಸುಡ್ತಿದೆ ಅಂತ ಬಟ್ಟೆ ಕೂಗುತ್ತಾ?”

ಹೇಳಿ ಮುಗಿಸಿದವಳೇ ಅಕ್ಕ ತನ್ನ ಮಂಡಿ ನೋಡಿಕೊಂಡಳು. ನಗು ನಿಂತಿತು. “ಇದೂ ಕೂಗಲ್ಲ ಅಲ್ವಾ?” ಎಂದು ಮೆಷಿನ್ ಕೆಳಗಿಟ್ಟಳು.

ಕೂಡಲೇ ಡಾಕ್ಟರಿಗೆ ಫೋನ್ ಮಾಡಿದರು. ಸೂಜಿ ಚುಚ್ಚಿದ ಜಾಗವನ್ನು ಅವತ್ತೇ ತೋರಿಸಿಕೊಂಡು ಬಂದರು. ನರ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕಾಗಬಹುದು, ಅದರಿಂದ ಹೊಲಿಗೆ ಮೆಷಿನ್ ತುಳಿಯಲು ಅಡ್ಡಿಯಿಲ್ಲ ಎಂದು ಡಾಕ್ಟರ್ ಹೇಳಿದಾಗ ಅಕ್ಕನ ಜೀವಕ್ಕೆ ಸಮಾಧಾನವಾಯಿತು. ಮರಗಟ್ಟಿದ ಜಾಗಕ್ಕೆ ಮಸಾಜ್ ಮೆಷಿನ್ ಬೇಡ. ಸ್ಪರ್ಶ ಚೆನ್ನಾಗಿ ತಿಳಿಯುವ ತೊಡೆಗೆ ಬಿಸಿಯಿಲ್ಲದೆ, ಕಡಿಮೆ ವೇಗದಲ್ಲಿ, ಎರಡೇ ನಿಮಿಷ ಸಾಕು ಎಂದರು.

ಅಕ್ಕ ಮಸಾಜ್ ಮೆಷಿನ್‌ಗೊಂದು ಚೀಲ ಹೊಲಿದಳು. ಮೇಲೆ ಕೆಂಪು ದಾರದಲ್ಲಿ ಬರೆದಳು: “ಮೊದಲು ಕೇಳು.” ಗಂಡ ತನ್ನ ನೋಯುವ ಬೆನ್ನು ತೋರಿಸಿ, “ನಾನೂ ಕೇಳ್ಬೇಕಾ?” ಎಂದ.

“ಓದೋಕೆ ಬರುತ್ತಲ್ಲ?” ಎಂದಳು ಅಕ್ಕ.

ನಿಮ್ಮ ಮನೆಯಲ್ಲೂ ಆಪರೇಷನ್ ಆದವರಿದ್ದಾರೆಯೇ? ಮಸಾಜ್ ಮೆಷಿನ್ ಹಚ್ಚುವ ಮುಂಚೆ ಡಾಕ್ಟರನ್ನು ಕೇಳಿ. ಮರಗಟ್ಟಿದ ಜಾಗಕ್ಕೆ ಬಿಸಿ ಬೇಡ, ಅದನ್ನು ದಿನವೂ ಕಣ್ಣಿಟ್ಟು ನೋಡಿ. ಕೆಂಪಾದರೆ, ಬೊಬ್ಬೆ ಎದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಚರ್ಮ ಕೂಗುವುದಿಲ್ಲ. ಅದರ ಪರವಾಗಿ ನೀವೇ ಕೇಳಬೇಕು.