ತಂದೂರಿನ ಕೆಳಗಿನ ಕೊಳವೆ

ನಾನು ಸಣ್ಣವಳಿದ್ದಾಗ ನಮ್ಮ ದೊಡ್ಡ ಕೋಣೆಯ ಬಾಗಿಲ ಮೂಲೆಯಿಂದ ಒಂದು ವಾಸನೆ ಬರುತ್ತಿತ್ತು. ಒದ್ದೆ ಜೇಡಿಮಣ್ಣು, ಬಟ್ಟೆ ಸೋಪು, ಸ್ವಲ್ಪ ಹೊಗೆ. ಅಲ್ಲಿ ನೆಲದಲ್ಲಿ ಒಂದು ತೂತುಕಲ್ಲಿತ್ತು. ಅದನ್ನು ತಾಶ್ನಾವ್ ಅನ್ನುತ್ತಿದ್ದೆವು. ಕೈಕಾಲು ತೊಳೆದ ನೀರೆಲ್ಲ ಅದರೊಳಗೆ ಇಳಿದುಹೋಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಈ ವರ್ಷ ಕೇಳಬೇಕಾಯಿತು. ಅಕ್ಕ ಓಯ್ನಿಸಾ ಸೊಂಟದ ಮೂಳೆ ಮುರಿದುಕೊಂಡಿದ್ದಳು. ನಮ್ಮೂರು ಮರ್ಗಿಲಾನಿನ ಹಳೇ ಮನೆಗಳ ಹಾಗೆ ನಮ್ಮ ಮನೆಯಲ್ಲೂ ಪಾಯಿಖಾನೆ ಅಂಗಳದ ಆ ತುದಿಗೆ. ಹಿಮ ಬಿದ್ದ ಮೇಲೆ ಊರುಗೋಲು ಹಿಡಿದು ಅಲ್ಲಿಗೆ ಹೋಗುವುದೆಂದರೆ ಇನ್ನೊಂದು ಮೂಳೆ ಮುರಿದುಕೊಂಡಂತೆಯೇ. ಹಿಮಕ್ಕೆ ಮುಂಚೆ ಅವಳ ಕೋಣೆಗೆ ಅಂಟಿಕೊಂಡಂತೆ ಪಾಯಿಖಾನೆಯೂ ಇರುವ ಒಂದು ಬಚ್ಚಲುಮನೆ ಎಬ್ಬಿಸಲೇಬೇಕು ಎಂದು ಹಟ ಹಿಡಿದೆ.

ಮೇಸ್ತ್ರಿ ಮಾಮರಯಿಮ್ ಪಾಯ ತೋಡುತ್ತಿದ್ದಾಗ ಗುದ್ದಲಿ ಸರಕ್ಕನೆ ಒಳಗಿಳಿಯಿತು. ತಾಶ್ನಾವಿನ ನೀರು ಇಷ್ಟು ಕಾಲ ಇಂಗಿದ್ದ ಗುಂಡಿ ಅದು. ಸರಿಯಾಗಿ ಗೋಡೆ ಬರುವಲ್ಲೇ.

"ಕಲ್ಲು ತುಂಬಿ ಮುಚ್ಚಿಬಿಡೋಣ ಓಪಾ," ಎಂದ. ಓಪಾ ಅಂದರೆ ನಮ್ಮಲ್ಲಿ ಅಕ್ಕ. "ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಗೋಡೆ ಅಲ್ಲಾಡಲ್ಲ."

"ನನಗೆ ಮೊಮ್ಮಕ್ಕಳಿಲ್ಲಪ್ಪ. ಅಲ್ಲಾಡಿದ್ರೆ ನೋಡೋಳು ನಾನೇ."

ನಮ್ಮ ಹಳದಿ ಮಣ್ಣು ಒಣಗಿದ್ದರೆ ಕಲ್ಲಿನ ಹಾಗೆ, ನೀರು ಕುಡಿದರೆ ಹಿಟ್ಟಿನ ಹಾಗೆ ಕುಸಿಯುತ್ತದೆ. ಅದು ಅವನಿಗೂ ಗೊತ್ತು.

"ಮೊದಲು ನೀರು, ಆಮೇಲೆ ಗೋಡೆ," ಎಂದೆ.

ಮನೆಯ ನೀರನ್ನೆಲ್ಲ ಒಂದೇ ಕೊಳವೆಗೆ ಸೇರಿಸಿ ಬೀದಿಯ ಒಳಚರಂಡಿಗೆ ಬಿಡಬೇಕಿತ್ತು. ನೀರು ಇಳಿದು ಹೋಗುವಷ್ಟು ವಾಟ ಸಿಗುತ್ತಿದ್ದುದು ಪಕ್ಕದ ಮನೆ ಜುಲೈಹೊಳ ಅಂಗಳದ ಮೂಲಕ ಮಾತ್ರ. ಆ ದಾರಿಯ ನಡುವೆಯೇ ಅವಳ ತಂದೂರು ಒಲೆ ಕೂತಿತ್ತು.

"ನಡುವಿನ ಗೋಡೆ ಒಡ್ಕೋ, ಅಂಗಳ ಅಗೆಸ್ಕೋ. ಒಲೆ ತಂಟೆಗೆ ಬರಬೇಡ," ಎಂದಳು ಜುಲೈಹೊ. "ರೊಟ್ಟಿ ಬೇಯೋ ಜಾಗದ ಕೆಳಗೆ ಬಚ್ಚಲ ನೀರು ಹರಿಸ್ತೀಯಾ? ಕಾಲೇಜು ಓದಿದ್ದು ಇದಕ್ಕೇನಾ?"

"ಆ ಮೂಲೇಲಿ ಹೊಸ ಒಲೆ ಕಟ್ಟಿಸಿಕೊಡ್ತೀನಿ ಕಣೆ."

"ಇದು ನಮ್ಮತ್ತೆ ಕೈಯಾರೆ ಕಟ್ಟಿದ್ದು. ನೀನು ಕಟ್ಟಿಸೋದು ಅವರ ಕೈಯಾಗುತ್ತಾ?"

ನಾನು ವಾದಿಸಲಿಲ್ಲ. ನೆಲಕ್ಕೆ ಬಿದ್ದ ರೊಟ್ಟಿ ಚೂರನ್ನು ಕಣ್ಣಿಗೊತ್ತಿಕೊಂಡು ಎತ್ತರದಲ್ಲಿಡುವವಳು ನಾನೂ. ನೀರು ತುಂಬಿದ ಟ್ಯೂಬು ಹಿಡಿದು ಮಟ್ಟ ನೋಡಿದೆ. ಒಲೆಯಿಂದ ಒಂದು ಗೇಣು ಬಿಟ್ಟು ಬಳಸಿ ಹೋದರೆ ವಾಟ ಹೇಗೋ ಸಾಲುತ್ತಿತ್ತು. ಗೂಟ ನೆಟ್ಟು ದಾರ ಕಟ್ಟಿದೆ.

ಭಾನುವಾರ ಕೇರಿಯ ಗಂಡಸರೆಲ್ಲ ಹಶರ್‌ಗೆ ಬಂದರು. ಹಶರ್ ಅಂದರೆ ಕೂಲಿಯಿಲ್ಲ, ಹೊಟ್ಟೆ ತುಂಬ ಪಲಾವು ಅಷ್ಟೆ. ಸಂಜೆಯೊಳಗೆ ಕೊಳವೆ ಇಟ್ಟರು. ಒಂದು ಬಕೆಟ್ ನೀರು ಸುರಿದೆವು. ಗುಳುಗುಳು ಎಂದು ಹೋಯಿತು, ನಿಂತಿತು, ಮೆಲ್ಲಗೆ ವಾಪಸು ಬಂತು.

ಕೊಳವೆಗೆ ತೋಡಿದ ಕಾಲುವೆಯ ಉದ್ದಕ್ಕೂ ನಡೆದು ನೋಡಿದೆ. ಒಲೆಯ ಬಳಿ ಅದು ಹೊಟ್ಟೆ ಬಂದವರ ಹಾಗೆ ಉಬ್ಬಿತ್ತು. ರೊಟ್ಟಿಯ ಒಲೆಗೆ ಒಂದು ಗೇಣೂ ತೀರ ಹತ್ತಿರವೆನ್ನಿಸಿ, ಅಗೆದವರೊಬ್ಬೊಬ್ಬರೂ ಇನ್ನಿಷ್ಟು ಆಚೆ ಸರಿಸಿದ್ದರು. ದಾರವನ್ನೂ ಸರಿಸಿದ್ದರು. ಯಾರಿಗೂ ಯಾರೂ ಹೇಳಿರಲಿಲ್ಲ. ಅಷ್ಟು ಸುತ್ತಿ ಹೋಗಲು ನಮ್ಮ ವಾಟ ಸಾಲದು.

"ಒಲೆ ಬುಡಕ್ಕೆ ಗುದ್ದಲಿ ಹಾಕೋಕೆ ಕೈ ಬರ್ಲಿಲ್ಲ ಓಪಾ," ಎಂದ ಒಬ್ಬ, ತಲೆ ಕೆರೆದುಕೊಂಡು.

ಅವರ ಮೇಲೆ ಸಿಟ್ಟು ಮಾಡುವುದು ಹೇಗೆ?

"ಮಾಮರಯಿಮ್, ಗುದ್ದಲಿ ಬಿಟ್ಟು ಹೋಗು. ಬೆಳಗ್ಗೆ ನಾನೇ ಶುರುಮಾಡ್ತೀನಿ."

"ನೀವಾ? ಗುದ್ದಲಿ ನಿಮ್ಮನ್ನ ಎತ್ತುತ್ತೋ, ನೀವು ಗುದ್ದಲೀನ ಎತ್ತೀರೋ!"

ನಗುತ್ತಲೇ ಹೋದ. ಬೆಳಗ್ಗೆ ನೋಡಿದರೆ, ಗುದ್ದಲಿಯ ಕಾವಿಗೆ ನನ್ನ ಕೈ ಉಜ್ಜದಂತೆ ಮೆತ್ತನೆಯ ಬಟ್ಟೆ ಸುತ್ತಿಟ್ಟಿದ್ದ.

ಗೇಣಿನ ಅಳತೆಯಲ್ಲೇ ಅಗೆದೆ. ಸ್ವಲ್ಪ ಹೊತ್ತಿನಲ್ಲೇ ಗುದ್ದಲಿ ಸುಟ್ಟ ಮಣ್ಣಿಗೆ ತಾಗಿತು. ಒಲೆಯ ಬುಡ ಮೇಲೆ ಕಾಣುವುದಕ್ಕಿಂತ ಬಹಳ ಅಗಲವಾಗಿತ್ತು. ಇನ್ನು ಬಳಸಿ ಹೋಗುವ ಮಾತೇ ಇಲ್ಲ. ಜುಲೈಹೊ ತನ್ನ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು.

ಆಗಲೇ ನಮ್ಮ ಅಂಗಳದಲ್ಲಿ ಊರುಗೋಲು ಬಿದ್ದ ಸದ್ದಾಯಿತು. ರಾತ್ರಿಯ ಇಬ್ಬನಿ ನಲ್ಲಿಯ ಬಳಿ ಹೆಪ್ಪುಗಟ್ಟಿತ್ತು. ಓಯ್ನಿಸಾ ಜಾರಿ, ದಾಳಿಂಬೆ ಗಿಡವನ್ನು ತಬ್ಬಿ ನೇತಾಡುತ್ತಿದ್ದಳು. ಒಡೆದ ಗೋಡೆ ದಾಟಿ ಓಡಿದೆ.

"ಬಿದ್ದಿಲ್ಲ ಬಿಡೇ," ಎಂದಳು. "ಈ ಗಿಡಕ್ಕೆ ನನ್ನ ಮೇಲೆ ಪ್ರೀತಿ."

ಅವಳನ್ನು ಒಳಗೆ ಮಲಗಿಸಿ ಬರುವಷ್ಟರಲ್ಲಿ ಧಬ್ ಧಬ್ ಸದ್ದು. ಜುಲೈಹೊ ನನ್ನ ಗುದ್ದಲಿಯಿಂದ ತನ್ನ ಒಲೆಯ ಬಾಯಿ ಒಡೆಯುತ್ತಿದ್ದಳು.

"ಏನೇ ಮಾಡ್ತಿದೀಯ!"

"ಬಿರುಕು ಬಿಟ್ಟಿತ್ತು. ರೊಟ್ಟಿಯೆಲ್ಲ ಬೂದೀಲಿ ಬೀಳ್ತಿತ್ತು."

ಶುಕ್ರವಾರವಷ್ಟೇ ಅವಳ ರೊಟ್ಟಿ ತಿಂದಿದ್ದೆ. ಚಂದ್ರನ ಹಾಗಿತ್ತು.

"ಗರ ಬಡಿದೋಳ ಹಾಗೆ ನಿಲ್ಲಬೇಡ, ಮಣ್ಣು ಎತ್ತು. ಇದರ ಒಂದು ಹಿಡಿಯೂ ಚರಂಡಿಗೆ ಬೀಳಕೂಡದು."

ಆ ಮಣ್ಣನ್ನೆಲ್ಲ ಇಬ್ಬರೂ ಉಡಿಯಲ್ಲಿ ಹೊತ್ತು ಅವಳ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಹಾಕಿದೆವು. ನಡುವೆ ಒಮ್ಮೆ ಅವಳು ತಲೆಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ.

ಮಾಮರಯಿಮ್ ಬಂದು ಕೊಳವೆಯನ್ನು ನೆಟ್ಟಗೆ ಕೂರಿಸಿದ. ನಾನು ನೀರು ಸುರಿದೆ. ಅವನು ಬೀದಿಯಲ್ಲಿ ಬೋರಲು ಮಲಗಿ ಚರಂಡಿಗೆ ಕಿವಿ ಕೊಟ್ಟಿದ್ದ.

"ಬಂತು! ಕುದುರೆ ಬಂದ ಹಾಗೆ ಬಂತು ಓಪಾ!"

ಮತ್ತೆ ಯಾರೂ ಹೇಳದೆಯೇ, ಹಳೇ ಗುಂಡಿಯ ಹಸಿ ಮಣ್ಣೆಲ್ಲ ತೆಗೆದು, ಒಣ ಮಣ್ಣು ಹಾಕಿ ದಮ್ಮಸು ಹೊಡೆದ. ಪಾಯ ಎದ್ದಿತು. ಜುಲೈಹೊಳ ಹೊಸ ಒಲೆಗೆ ಕುರಿಯ ಉಣ್ಣೆ ಬೆರೆಸಿ ಮಣ್ಣು ತುಳಿದೆವು. ಅದು ಒಣಗುವ ತನಕ ಬೆಂಕಿ ಹಾಕುವಂತಿಲ್ಲ. ಅವಳು ಅಂಗಡಿಯ ರೊಟ್ಟಿ ತಂದು, ರಟ್ಟು ಅಗಿದ ಹಾಗಿದೆ ಎಂದು ಕೇರಿಗೆಲ್ಲ ಸಾರಿದಳು.

ಬಚ್ಚಲಿನ ಗೋಡೆ ಸೊಂಟದ ಮಟ್ಟಕ್ಕೆ ಬಂದ ದಿನ ಓಯ್ನಿಸಾ ಬೆಳಗಿನಿಂದ ಅಡುಗೆಮನೆಯಲ್ಲೇ ಕೂತಿದ್ದಳು. ಕಡಾಯಿಯ ಒಳಮೈಗೆ ಹಚ್ಚಿ ರೊಟ್ಟಿ ಸುಟ್ಟಳು, ಅಕ್ಕಿ ಹಾಕಿ ಮಾಂಸದ ಸಾರು ಮಾಡಿದಳು. ಕೊಡು, ನಾನು ಒಯ್ಯುತ್ತೇನೆ ಎಂದರೆ ತಲೆಯಾಡಿಸಿದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ರೊಟ್ಟಿಯನ್ನೂ ಸೇರಿಸಿ ಬಟ್ಟೆ ಕಟ್ಟಿದ ಸಾರಿನ ಬೋಗುಣಿ. ನಿಧಾನವಾಗಿ ಗೋಡೆ ಒಡೆದ ಜಾಗದ ತನಕ ಹೋಗಿ ನಿಂತಳು. ಜುಲೈಹೊ ಬಂದಳು. ಓಯ್ನಿಸಾ ಬೋಗುಣಿ ಚಾಚಿದಳು. ಜುಲೈಹೊ ಎರಡೂ ಕೈಯಲ್ಲಿ ತೆಗೆದುಕೊಂಡಳು.