ಕಾಲು ಹಿಡಿದವಳೇ ಪಾಲಿಸಿ ಮಾಡಿಸಿದ್ದಳು

ಶಿರಾದ ಮೈದಾನದಲ್ಲಿ ಮಹಿಳಾ ಸಂಘಗಳ ಕಬಡ್ಡಿ ಫೈನಲ್. ಒಂದು ಕಡೆ ಶಿರಾ, ಇನ್ನೊಂದು ಕಡೆ ಮಧುಗಿರಿ, ಅಂಕ ಸಮಸಮ. ಕೊನೆಯ ದಾಳಿಗೆ ಮಧುಗಿರಿಯ ಸಹನಾ ಸೆರಗು ಬಿಗಿದಂತೆ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಬಂದಾಗ ಜನ ಕುರ್ಚಿಗಳ ಮೇಲೆ ಹತ್ತಿ ನಿಂತರು.

ಸಹನಾ ಪುರವರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಎದುರು ಮೂಲೆಯಲ್ಲಿ ಕಾಯುತ್ತಿದ್ದ ತಮನ್ನಾ ಅವಳ ಕಾಲೇಜು ಗೆಳತಿ. ಆಗ ಇಬ್ಬರೂ ಒಂದೇ ತಂಡದಲ್ಲಿ ಆಡಿದವರು. ಈಗ ತಮನ್ನಾ ಶಿರಾದಲ್ಲಿ ವಿಮೆ ಏಜೆಂಟ್. ಅವಳು ಮಾಡಿಸಿದ ಮೊಟ್ಟಮೊದಲ ಆರೋಗ್ಯ ವಿಮೆ ಸಹನಾಳದೇ. ಅದಕ್ಕಿನ್ನೂ ತಿಂಗಳು ತುಂಬಿರಲಿಲ್ಲ.

ಸಹನಾ ಉಸಿರು ಬಿಗಿಹಿಡಿದು ಒಳನುಗ್ಗಿದಳು. ಒಬ್ಬಳ ಭುಜ ಮುಟ್ಟಿ ಗಕ್ಕನೆ ಹಿಂದಿರುಗಿದಳು. ಅಷ್ಟರಲ್ಲಿ ತಮನ್ನಾ ನೆಲಕ್ಕೆ ಹಾರಿ ಅವಳ ಪಾದ ಹಿಡಿದೇಬಿಟ್ಟಳು. ಮೇಲಿಂದ ಇನ್ನಿಬ್ಬರು ಬಿದ್ದರು. ಸಹನಾ ಮಧ್ಯದ ಗೆರೆಯತ್ತ ಕೈ ಚಾಚಿದಳು. ಲಟಕ್ಕನೆ ಸದ್ದಾಯಿತು.

“ಬುಡೇ! ಕಾಲು ಬುಡೇ!”

ತಮನ್ನಾ ಕೈಬಿಟ್ಟಳು. ಸಹನಾಳ ಮೊಣಕಾಲಿನ ಕೆಳಗೆ ಕಾಲು ಸೊಟ್ಟಗಾಗಿತ್ತು. “ಯಾ ಅಲ್ಲಾ, ನಾನೇನ್ ಮಾಡ್ಬುಟ್ಟೆ!” ಎಂದು ತಮನ್ನಾ ತಲೆ ಮೇಲೆ ಕೈ ಹೊತ್ತು ಕೂತಳು. ಗೆರೆ ಮುಟ್ಟಿದ್ದೆ ಎಂದು ಸಹನಾ ನೋವಿನಲ್ಲೂ ಹೇಳಿದರೂ ರೆಫರಿ ಔಟ್ ಕೊಟ್ಟು, ಶಿರಾ ಗೆದ್ದಿತೆಂದು ಸಾರಿದ.

ಶಿರಾದ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ಎರಡು ತುಂಡಾಗಿದೆ, ಆಪರೇಷನ್ ಮಾಡಿ ಪ್ಲೇಟು ಹಾಕಬೇಕು, ನಾಳೆಯೇ ಆದರೆ ಒಳ್ಳೆಯದು ಎಂದರು. ಸಹನಾಳ ಗಂಡ ರಂಗರಾಜು ಪುರವರದಿಂದ ತನ್ನ ಗೂಡ್ಸ್ ಆಟೊ ಓಡಿಸಿಕೊಂಡೇ ಬಂದಿದ್ದ.

“ಇನ್ಶೂರೆನ್ಸು ಮಾಡ್ಸಿ ತಿಂಗ್ಳೇ ಆಗಿಲ್ವಲ್ಲಮ್ಮ. ಮೊದಲ ತಿಂಗ್ಳು ಏನೂ ಸಿಗಾಕಿಲ್ಲ ಅಂತಾರೆ.”

“ಅದು ಕಾಯಿಲೆಗೆ ಅಣ್ಣಾ. ಜ್ವರ ಗಿರ ಬಂದ್ರೆ ತಿಂಗ್ಳು ಕಾಯ್ಬೇಕು. ಬಿದ್ದು ಏಟಾದ್ರೆ ಪಾಲಿಸಿ ಶುರುವಾದ ದಿನದಿಂದ್ಲೇ ಐತೆ,” ಎಂದಳು ತಮನ್ನಾ. “ಕಂಪನಿ ಒಪ್ಪಿದ್ರೆ ಬಿಲ್ಲು ಅವರೇ ನೇರವಾಗಿ ಆಸ್ಪತ್ರೆಗೆ ಕಟ್ತಾರೆ.”

ಆಸ್ಪತ್ರೆಯವರು ಕಂಪನಿಗೆ ಮನವಿ ಕಳಿಸಿದರು. ಬಂದ ಉತ್ತರವನ್ನು ತಮನ್ನಾ ಎರಡೆರಡು ಸಲ ಓದಿದಳು. ಪಾಲಿಸಿ ತೀರ ಹೊಸದು, ಪರಿಶೀಲನೆಗೆ ನಮ್ಮವರು ಬರುತ್ತಾರೆ ಎಂದಿತ್ತು.

ಮರುದಿನ ಬೆಳಿಗ್ಗೆ ತುಮಕೂರಿನಿಂದ ಬೈಕಿನಲ್ಲಿ ನಂದೀಶ್ವರಯ್ಯ ಎಂಬ ತನಿಖಾಧಿಕಾರಿ ಬಂದರು. ಸಹನಾಳ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

“ದುಡ್ಡಿಗೆ ಆಡೋ ಆಟವೇನಮ್ಮ ಇದು? ಕಬಡ್ಡಿಯೇ ಉದ್ಯೋಗವಾದ್ರೆ ನಮ್ಮ ಪಾಲಿಸಿಯಲ್ಲಿ ಬರಲ್ಲ.”

“ಎಲ್ಲಿಯ ಉದ್ಯೋಗ ಸಾರ್! ಗೆದ್ದೋರಿಗೆ ಒಂದು ಕಪ್ಪು, ಒಂದು ಹಾರ ಅಷ್ಟೆ. ನಾನು ಬಟ್ಟೆ ಹೊಲಿಯೋಳು.”

“ಸರಿ. ಕಾಲು ಹಿಡಿದವರು ಯಾರು?”

ರಂಗರಾಜು ತಮನ್ನಾಳತ್ತ ನೋಡಿ, ಬೇಡ ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದ. ಸಹನಾ ಗೋಡೆ ನೋಡತೊಡಗಿದಳು. ತಮನ್ನಾ ಮಂಚದ ಹತ್ತಿರ ಬಂದಳು. ಬೇರೆ ಯಾರದೋ ಹೆಸರು ಹೇಳಿದರೆ ಮುಗಿದೇ ಹೋಗುತ್ತಿತ್ತು.

“ನಾನೇ ಸಾರ್,” ಎಂದಳು.

“ನೀವು? ಈ ಪಾಲಿಸಿ ಮಾಡಿಸಿದ ಏಜೆಂಟು?”

“ಅದೂ ನಾನೇ ಸಾರ್.”

ನಂದೀಶ್ವರಯ್ಯ ಬರೆಯುವುದನ್ನು ನಿಲ್ಲಿಸಿದರು. “ಪಾಲಿಸಿ ಮಾಡಿಸಿದವರೇ ತಿಂಗಳೊಳಗೆ ಕಾಲು ಮುರಿದರು ಅಂತ ಕಂಪನಿಗೆ ಹೇಳಿದ್ರೆ ಯಾರು ನಂಬ್ತಾರಮ್ಮ?”

“ನಂಬದೇ ಇದ್ರೆ ನೋಡಿ ಸಾರ್! ಇಡೀ ಮ್ಯಾಚು ಐತೆ!” ಬಾಗಿಲಲ್ಲಿ ನಿಂತಿದ್ದ ತಮನ್ನಾಳ ತಂಗಿ ಸುಮಯ್ಯ ಮೊಬೈಲು ಹಿಡಿದು ನುಗ್ಗಿ ಬಂದಳು. ಅಕ್ಕನ ಆಟವನ್ನು ಅವಳು ಮೊದಲಿನಿಂದ ಕೊನೆಯವರೆಗೂ ವಿಡಿಯೊ ಮಾಡಿದ್ದಳು.

ನಂದೀಶ್ವರಯ್ಯ ನೋಡಲು ಶುರುಮಾಡಿದರು. ಪಕ್ಕದ ಮಂಚಗಳ ಕಡೆಯವರೂ ಬಂದು ಬಗ್ಗಿದರು. ಕೊನೆಯ ದಾಳಿ ಬಂದಾಗ ನರ್ಸ್ ಕೂಡ ಸಿರಿಂಜ್ ಟ್ರೇ ಹಿಡಿದುಕೊಂಡೇ ನಿಂತುಬಿಟ್ಟಳು. ಕಾಲು ಹಿಡಿದದ್ದು, ಮೇಲಿಂದ ಇಬ್ಬರು ಬಿದ್ದದ್ದು, ಸಹನಾ ಕೂಗಿದ್ದು, ತಮನ್ನಾ ತಲೆ ಮೇಲೆ ಕೈ ಹೊತ್ತು ಕೂತದ್ದು ಎಲ್ಲವೂ ಸ್ಪಷ್ಟವಾಗಿತ್ತು.

“ಇನ್ನೊಂದ್ಸಲ ಹಾಕಮ್ಮ,” ಎಂದರು ನಂದೀಶ್ವರಯ್ಯ. ಈ ಸಲ ಕನ್ನಡಕ ಮೇಲೇರಿಸಿ ನೋಡಿದರು. “ಅಲ್ಲಿ ನಿಲ್ಲಿಸು! ನೋಡಿ, ಬೆರಳು ಗೆರೆ ಮುಟ್ಟಿದೆ. ಈಕೆ ಔಟಾಗಿಲ್ಲ. ಗೆದ್ದದ್ದು ಮಧುಗಿರಿ!”

“ನಾನು ಹೇಳ್ಲಿಲ್ವಾ!” ಎಂದು ಸಹನಾ ಎದ್ದು ಕೂರಲು ಹೋಗಿ, ನೋವಿಗೆ ಹಲ್ಲು ಕಚ್ಚಿ ಮತ್ತೆ ಒರಗಿದಳು. ವಾರ್ಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸೋತದ್ದು ತನ್ನ ತಂಡವಾದರೂ ತಮನ್ನಾಗೆ ನಗು ತಡೆಯಲಾಗಲಿಲ್ಲ.

ನಂದೀಶ್ವರಯ್ಯ ಎಕ್ಸ್‌ರೇ ನೋಡಿ, ಡಾಕ್ಟರನ್ನೂ ಆಟ ಏರ್ಪಡಿಸಿದವರನ್ನೂ ಮಾತಾಡಿಸಿ ಬಂದರು. ಹೊರಡುವಾಗ ತಮನ್ನಾಗೆ ಹೇಳಿದರು: “ನೀವು ಮುಚ್ಚಿಟ್ಟಿದ್ರೆ ಇದೇ ವಿಡಿಯೊ ನಿಮಗೆ ಮುಳುವಾಗ್ತಿತ್ತು. ಸುಳ್ಳು ಸಿಕ್ಕಿದ ಮೇಲೆ ನಿಜವಾದ ಕ್ಲೇಮನ್ನೂ ಕಂಪನಿ ತಳ್ಳಿಹಾಕಬಹುದು. ಇದ್ದದ್ದನ್ನ ಇದ್ದಂಗೆ ಬರೀತೀನಿ.”

ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಹುಡುಗಿ ಓಡೋಡಿ ಬಂದಳು. “ಅಪ್ರೂವಲ್ ಬಂತು ಅಕ್ಕಾ! ಕ್ಯಾಶ್‌ಲೆಸ್ ಆಯ್ತು!”

ರಂಗರಾಜು ಅಲ್ಲೇ ಗೋಡೆಗೆ ಒರಗಿ ಮುಖ ಒರೆಸಿಕೊಂಡ. ತಮನ್ನಾ ಅವನ ಕೈ ಕುಲುಕಿ, “ಅಣ್ಣಾ, ಇನ್ನೊಂದೈತೆ,” ಎಂದಳು. “ಸಹನಾ ಜೊತೆಗೆ ಅಪಘಾತ ವಿಮೆನೂ ಮಾಡ್ಸಿದ್ಲು. ಅದು ಆಸ್ಪತ್ರೆ ಬಿಲ್ಲಿಗಲ್ಲ. ಮಿಷನ್ ತುಳಿಯೋಕೆ ಆಗ್ದೆ ಮನೇಲಿ ಕೂತಷ್ಟು ವಾರ ಇಂತಿಷ್ಟು ಅಂತ ಇವಳ ಕೈಗೇ ಬರ್ತದೆ. ಡಾಕ್ಟರ ಸರ್ಟಿಫಿಕೇಟು ಕೊಟ್ರೆ ಅರ್ಜಿ ಹಾಕ್ತೀನಿ.”

“ಅಂಗಾದ್ರೆ ಚೆನ್ನಾಗಿ ರೆಸ್ಟು ತಗೋತೀನಿ ಬುಡು,” ಎಂದಳು ಆಪರೇಷನ್ನಿಗೆ ಹೊರಟು ಸ್ಟ್ರೆಚರಿನ ಮೇಲೆ ಮಲಗಿದ್ದ ಸಹನಾ.

ಆಪರೇಷನ್ ಮುಗಿಯುವವರೆಗೂ ಎರಡೂ ತಂಡದವರು ಹೊರಗೆ ಕಾದರು. ಸಂಜೆ ಸಹನಾಳನ್ನು ವಾರ್ಡಿಗೆ ತಂದಾಗ ಡಾಕ್ಟರು, “ಬೆರಳು ಆಡಿಸಿ ನೋಡೋಣ,” ಎಂದರು. ಬ್ಯಾಂಡೇಜಿನ ತುದಿಯಲ್ಲಿ ಕಾಲ್ಬೆರಳುಗಳು ಮೆಲ್ಲಗೆ, ಆಮೇಲೆ ಜೋರಾಗಿ ಆಡಿದವು. ತಮನ್ನಾ “ಹೋ!” ಎಂದು ಕೂಗಿಯೇಬಿಟ್ಟಳು. ನರ್ಸ್ ಗದರಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ.