ಅಕ್ಕ ಆ ಕಡೆ, ತಮ್ಮ ಈ ಕಡೆ

ಫೀನಾವುಗೆ ಟೀವಿ ಕಂಡರೆ ಆಗುವುದಿಲ್ಲ ಎಂದು ಅವನ ಅಕ್ಕ ಕಲೊಲೈನೆ ನಂಬಿದ್ದಳು. ನಂಬಿಸಿದವನು ಅವನೇ. ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಗೆ ಬಂದ ಮೊದಲ ಸಂಜೆ, ಆರೂವರೆಗೆ ಮನಿಲಾದ ಧಾರಾವಾಹಿಯ ಹಾಡು ಶುರುವಾಗುತ್ತಿದ್ದಂತೆ ಅವನು ದಡಬಡ ಎದ್ದು, "ಇದರ ಗದ್ದಲಕ್ಕೆ ನಂಗೆ ತಲೆ ಸಿಡಿಯುತ್ತೆ ಕಣೇ ಸೈನಿ" ಎಂದು ಹೆಂಡತಿಗೆ ಹೇಳಿ, ಅಕ್ಕನಿಗೂ ಕೇಳಿಸಿ, ಅಂಗಳದ ದೀವಿ ಹಲಸಿನ ಮರದ ಕೆಳಗೆ ಹೋಗಿ ಕೂತಿದ್ದ. ಹಸಿ ಸುಳ್ಳು. ಆ ಧಾರಾವಾಹಿಯ ರೋಸಾ ಎಂದರೆ ಅವನಿಗೆ ಪ್ರಾಣ.

ಟೊಂಗಾ ದ್ವೀಪದಲ್ಲಿ ಹುಟ್ಟಿದ ಗಂಡಸು ಇನ್ನೇನು ಮಾಡಬಲ್ಲ? ಅಕ್ಕ ಇದ್ದ ಕೋಣೆಯಲ್ಲಿ ತಮ್ಮ ಕೂತು ಟೀವಿ ನೋಡುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ತೆರೆಯ ಮೇಲೆ ಯಾವ ಗಳಿಗೆಯಲ್ಲಿ ಯಾರು ಯಾರಿಗೆ ಮುತ್ತಿಡುತ್ತಾರೋ ಹೇಳಬರುವುದಿಲ್ಲ. ಅದನ್ನು ಅಕ್ಕನ ಜೊತೆ ಕೂತು ನೋಡಿದವನು ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ಹಾಗೆಂದು ಅವಳನ್ನು ಎಬ್ಬಿಸುವಂತೆಯೂ ಇಲ್ಲ. ಮನೆಯಲ್ಲಿ ಅಕ್ಕನ ಸ್ಥಾನ ತಮ್ಮನಿಗಿಂತ ಮೇಲು. ಅವಳ ಮಾತಿಗೆ ಎದುರಾಡುವ ನಾಲಿಗೆ ಅವನಿಗೆ ದೇವರು ಕೊಟ್ಟೇ ಇಲ್ಲ. ಟೀವಿ ಅವನದು, ಮನೆ ಅವನದು, ಮರದ ಕೆಳಗೆ ಸೊಳ್ಳೆ ಹೊಡೆದುಕೊಳ್ಳುವವನೂ ಅವನೇ.

ಊರಿಗೆ ಊರೇ ರೋಸಾಳ ಹಿಂದೆ ಬಿದ್ದಿತ್ತು. ಕಾವಾ ಬೇರು ಅರೆದ ಪಾನೀಯದ ಬಟ್ಟಲಿನ ಸುತ್ತ ಗೆಣಸಿನ ಬೆಳೆಯ ಮಾತಾಡುತ್ತಿದ್ದ ಗಂಡಸರು ಈಗ ರೋಸಾ ಆ ಡಾಕ್ಟರನ್ನು ಮದುವೆಯಾಗಬೇಕೋ ಬೇಡವೋ ಎಂದು ಕೈ ಕೈ ಮಿಲಾಯಿಸುವ ಹಂತಕ್ಕೆ ಬರುತ್ತಿದ್ದರು. ಪಾದ್ರಿ ಚರ್ಚಿನ ಹಾಡಿನ ತಾಲೀಮನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಅಂಥ ಊರಲ್ಲಿ ಫೀನಾವು ಹೆಂಡತಿಯ ಬಾಯಿಂದ ಕಥೆ ಕೇಳಬೇಕಾಯಿತು.

"ನಿನ್ನೆ ಏನಾಯ್ತೇ?"

"ಬಿಳಿ ಶರ್ಟಿನವನು ಬಂದ. ಅತ್ತ."

"ಯಾವ ಬಿಳಿ ಶರ್ಟು? ಡಾಕ್ಟರೋ, ಅವನ ಅಣ್ಣನೋ?"

"ಇಬ್ರೂ ಬಿಳೀದೇ ಹಾಕ್ತಾರೆ ಕಣ್ರೀ. ಆಮೇಲೆ ಯಾರೋ ಒಬ್ಬ ಸತ್ತ."

"ಯಾರೋ ಒಬ್ಬ! ಯಾರು ಅಂತ ನೋಡ್ಬಾರ್ದೇನೇ?"

"ಆಗ ನಾನು ಗೆಣಸು ಬೆಂದಿದೆಯಾ ಅಂತ ನೋಡೋಕೆ ಹೋಗಿದ್ದೆ. ಅಷ್ಟು ಬೇಕಿದ್ರೆ ನಿಮ್ಮಕ್ಕನ್ನೇ ಕೇಳಿ."

ಅದನ್ನು ಕೇಳುವುದೆಂದರೆ ಸುಳ್ಳು ಒಪ್ಪಿಕೊಂಡಂತೆ. ಹಾಗಾಗಿ ಅವನು ಮರ ಬಿಟ್ಟು ಕಿಟಕಿಗೆ ಬಂದ. ಗಾಜಿನ ಪಟ್ಟಿಗಳ ಕಿಟಕಿ, ಎರಡು ಪಟ್ಟಿಗಳ ಸಂದಿಗೆ ಕಣ್ಣಿಟ್ಟರೆ ಟೀವಿಯ ಮುಕ್ಕಾಲು ಭಾಗ ಕಾಣುತ್ತಿತ್ತು. ಅಕ್ಕ ಆಚೆ ಮೂಲೆಯಲ್ಲಿ, ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣದಿದ್ದರೆ ತಪ್ಪೂ ಇಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಹನ್ನೊಂದು ಸಂಜೆ ನೋಡಿದ. ಹನ್ನೆರಡನೆಯ ಸಂಜೆ ರೋಸಾಳ ಬಾಗಿಲು ತಟ್ಟಿದವನು ಡಾಕ್ಟರಲ್ಲ, ಆ ಠಕ್ಕ ಅಣ್ಣ. ಫೀನಾವು ಮೈಮರೆತ.

"ತೆಗೀಬೇಡ ಕಣೇ ರೋಸಾ! ಅವನು ಕಳ್ಳ!"

ಮರುದಿನ ಬೆಳಿಗ್ಗೆ ಅಕ್ಕ ತನ್ನ ಬುಟ್ಟಿ ಕಟ್ಟತೊಡಗಿದಳು.

"ನನ್ನಿಂದಾಗಿ ಅವನು ಸ್ವಂತ ಮನೇಲಿ ಕಳ್ಳನ ಥರ ಕಿಟಕೀಲಿ ಇಣುಕೋ ಹಾಗಾಯ್ತು" ಎಂದಳು ಸೈನಿಗೆ. "ಗುರುವಾರದ ಹಡಗಿಗೆ ಮಗಳ ಮನೆಗೆ ಹೋಗ್ತೀನಿ."

ಫೀನಾವುಗೆ ಊಟ ಸೇರಲಿಲ್ಲ. ಅಕ್ಕ ಬಂದ ಮೇಲೆ ಈ ಮನೆಯಲ್ಲಿ ಅವ್ವನ ಕೆಮ್ಮು, ಅವ್ವನ ಹಾಡು, ಅವ್ವನ ಕೈಯ ಕೆಸುವಿನ ಸೊಪ್ಪಿನ ರುಚಿ ಎಲ್ಲ ತಿರುಗಿ ಬಂದಿದ್ದವು. ರೋಸಾ ಹಾಳಾಗಿ ಹೋಗಲಿ, ಅಕ್ಕ ಹೋಗಬಾರದು. ಆದರೆ ಅಕ್ಕ ಹೋಗುತ್ತೇನೆ ಎಂದ ಮೇಲೆ ತಮ್ಮ ಬೇಡ ಎನ್ನುವಂತಿಲ್ಲ.

"ನೀನಾದ್ರೂ ಹೇಳೇ" ಎಂದು ಸೈನಿಯ ದುಂಬಾಲು ಬಿದ್ದ.

"ಕಿಟಕೀಲಿ ಕಿರುಚೋಕೆ ಬಾಯಿತ್ತಲ್ಲ, ನೀವೇ ಹೇಳಿ."

ಬುಧವಾರ ಧಾರಾವಾಹಿಯ ಕೊನೆಯ ಕಂತು. ಅಂದು ಮಧ್ಯಾಹ್ನ ಫೀನಾವು ತನ್ನ ಹಾಸಿಗೆ ಎತ್ತಿ, ಅದರಡಿ ಮಡಿಸಿಟ್ಟಿದ್ದ ದೊಡ್ಡ ತೊಗಟೆ ಬಟ್ಟೆಯನ್ನು ಎಳೆದ. ಅವ್ವ ಮತ್ತು ಕೇರಿಯ ಹೆಂಗಸರು ಮರದ ತೊಗಟೆ ಬಡಿದು, ಬಣ್ಣ ಬಳಿದು ಮಾಡಿದ್ದು. ಮದುವೆಗೋ ಸಾವಿಗೋ ಬಿಟ್ಟರೆ ಹೊರಗೆ ಬರದ ವಸ್ತು. ಅದನ್ನು ಹಜಾರದ ನಡುವೆ ಹಗ್ಗ ಕಟ್ಟಿ ಗೋಡೆಯಂತೆ ಇಳಿಬಿಟ್ಟ. ಟೀವಿಯನ್ನು ಸರಿಯಾಗಿ ಅದರ ತುದಿಗೆ ತಂದಿಟ್ಟ. ಈ ಕಡೆ ಒಂದು ಚಾಪೆ, ಆ ಕಡೆ ಒಂದು ಚಾಪೆ.

"ಈಗ ಇದು ಎರಡು ಕೋಣೆ ಅಂತ ಅಕ್ಕಂಗೆ ಹೇಳು" ಎಂದ ಸೈನಿಗೆ.

ಕಲೊಲೈನೆ ಬಂದು ಅವ್ವನ ಬಟ್ಟೆಯನ್ನು ಕೈಯಲ್ಲಿ ಸವರಿದಳು. ಆ ಕಡೆಯ ಚಾಪೆಯ ಮೇಲೆ ಕೂತಳು.

ಕಂತು ಶುರುವಾಯಿತು. ಬಟ್ಟೆಯಾಚೆ ಅಕ್ಕ ಮೂಗೊರೆಸಿಕೊಂಡಾಗ ಈಚೆ ತಮ್ಮನೂ ಒರೆಸಿಕೊಂಡ. ಠಕ್ಕ ಅಣ್ಣ ಸಿಕ್ಕಿಬಿದ್ದಾಗ ಎರಡೂ ಕಡೆಯಿಂದ "ಹಾಂ!" ಎಂದು ಒಟ್ಟಿಗೇ ಬಂತು. ಡಾಕ್ಟರ್ ರೋಸಾಳ ಮುಂದೆ ನಿಂತ. ಹತ್ತಿರ ಬಂದ. ಇನ್ನೂ ಹತ್ತಿರ ಬಂದು ಕತ್ತು ಬಗ್ಗಿಸಿದ.

ಫೀನಾವು ಮುಂಬಾಗಿಲಿಂದ ಓಟ ಕಿತ್ತ. ಮನೆ ಸುತ್ತಿ ಹಿತ್ತಲಿಗೆ ಬಂದು ನೀರಿನ ತೊಟ್ಟಿಯ ಮೂಲೆ ತಿರುಗಿದರೆ, ಹಿಂಬಾಗಿಲಿಂದ ಓಡಿಬಂದ ಅಕ್ಕ ಏದುಸಿರು ಬಿಡುತ್ತ ಎದುರಿಗೇ ನಿಂತಿದ್ದಾಳೆ.

ಇಬ್ಬರೂ ನೆಲ ನೋಡಿದರು. ಆಮೇಲೆ ಕಲೊಲೈನೆಯ ಹೊಟ್ಟೆ ಕುಲುಕಿತು. ಅವನಿಗೂ ತಡೆಯಲಾಗಲಿಲ್ಲ. ಇಬ್ಬರೂ ತೊಟ್ಟಿಗೆ ಒರಗಿ, ಚಿಕ್ಕಂದಿನಲ್ಲಿ ನಕ್ಕಂತೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಫೀನಾವು ಗಂಟಲು ಸರಿಮಾಡಿಕೊಂಡ.

"ಅಕ್ಕಾ."

"ಹೂಂ?"

"ನಾಳೆ ಸಮುದ್ರ ಸರಿಯಿಲ್ಲ ಅಂತಾರೆ. ಅಲೆ ಜಾಸ್ತಿಯಂತೆ."

ಅವಳು ಒಳಗೆ ಹೋದಳು.

ಮರುದಿನ ಸಮುದ್ರ ತೊಳೆದಿಟ್ಟ ತಟ್ಟೆಯಂತಿತ್ತು. ಹಡಗು ಬಂದು ಮೂರು ಸಲ ಕೂಗಿತು. ಕೆಸುವಿನ ಪಾತಿಯಲ್ಲಿದ್ದ ಫೀನಾವು ಗುದ್ದಲಿ ಹಿಡಿದು, ತಲೆಯೆತ್ತುವ ಧೈರ್ಯ ಸಾಲದೆ, ಅಗೆದಲ್ಲೇ ಅಗೆಯುತ್ತಿದ್ದ. ಕಲೊಲೈನೆ ಜಗುಲಿಗೆ ಬಂದಳು. ಅವಳ ಕೈಯಲ್ಲಿ ಬುಟ್ಟಿ ಇರಲಿಲ್ಲ, ಹೆಣೆಯುತ್ತಿದ್ದ ಚಾಪೆ ಇತ್ತು. ಅದನ್ನು ಹಾಸಿ ಕೂತು, ಹಣೆಗೆ ಕೈಯಡ್ಡ ಹಿಡಿದು, ಅಲುಗಾಡದ ನೀರನ್ನು ನೋಡಿದಳು.

"ಅಬ್ಬಬ್ಬಾ, ಎಂಥಾ ಅಲೆ ನೋಡೇ ಸೈನಿ!" ಎಂದಳು, ಪಾತಿಯವರೆಗೂ ಕೇಳುವಂತೆ.